ಹಂಪಿ ಎಕ್ಸ್‌ಪ್ರೆಸ್ ಹತ್ತಿಸದೆ ಈ ಕಿರುಚಿತ್ರ ಮುಗಿಯುವುದಿಲ್ಲವೇ?

ಕೌಲ್‌ಬಜಾರ್_ಕ್ಯಾಮೆರಾ | ಭಾನುವಾರ, ರಾತ್ರಿ 10:12

ಎಲ್ಲರಿಗೂ ನಮಸ್ಕಾರ. ಹದಿನೆಂಟು ನಿಮಿಷದ ಕಿರುಚಿತ್ರವೊಂದನ್ನು ಮುಕ್ಕಾಲು ಪಾಲು ಚಿತ್ರೀಕರಿಸಿ, ಕೊನೆಯ ದೃಶ್ಯದ ಮುಂದೆ ಮೂರು ವಾರದಿಂದ ಸುಮ್ಮನೆ ಕುಳಿತಿದ್ದೇನೆ. ಬಳ್ಳಾರಿಯ ಈ ಬಿಸಿಲಿಗೆ ಯೋಚನೆ ಮಾಡಿದರೂ ಬೆವರು ಬರುತ್ತದೆ. ನಿಮ್ಮನ್ನಾದರೂ ಕೇಳೋಣ ಎಂದು ಬಂದೆ.

ಕಥೆ ಇಷ್ಟು. ಬಿ.ಕಾಂ. ಎರಡನೆಯ ವರ್ಷದ ಹುಡುಗ ಬೇಸಿಗೆ ರಜೆಯಲ್ಲಿ ಸೋದರಮಾವನ ಜೀನ್ಸ್ ಘಟಕಕ್ಕೆ ಲೆಕ್ಕ ಬರೆಯಲು ಹೋಗುತ್ತಾನೆ. ಅಲ್ಲಿ ಸಿರುಗುಪ್ಪದ ಕಡೆಯಿಂದ ಬಂದ ಟೈಲರ್ ಒಬ್ಬನಿದ್ದಾನೆ. ಇಪ್ಪತ್ತೆರಡು ವಯಸ್ಸು, ಮಾತು ಕಡಿಮೆ, ಹೊಸ ಬಟ್ಟೆಯ ಬಣ್ಣ ಹತ್ತಿ ಬೆರಳ ತುದಿಗಳು ಸದಾ ನೀಲಿ. ದಿನಾ ಸಂಜೆ ಇವನು ‘ಎಷ್ಟು?’ ಎಂದು ಕೇಳುತ್ತಾನೆ, ಅವನು ಹೊಲಿದು ಮುಗಿಸಿದ ಬಂಡಲ್‌ಗಳ ಸಂಖ್ಯೆ ಹೇಳುತ್ತಾನೆ, ಇವನು ಬರೆದುಕೊಳ್ಳುತ್ತಾನೆ. ಇಬ್ಬರ ನಡುವೆ ಇರುವುದು ಅಷ್ಟೇ ಮಾತು. ಒಂದು ಸಂಜೆ ಅವನು ಒಂಬತ್ತು ಎನ್ನುತ್ತಾನೆ, ಇವನು ಹತ್ತು ಎಂದು ಬರೆಯುತ್ತಾನೆ. ಅವನು ಪುಸ್ತಕದ ಕಡೆ ನೋಡಿ, ನೋಡದವನಂತೆ ಎದ್ದು ಹೋಗುತ್ತಾನೆ. ನನ್ನ ಮಟ್ಟಿಗೆ ಆ ಹತ್ತೇ ಪ್ರೇಮಪತ್ರ.

ಇಲ್ಲಿಯವರೆಗೆ ಸರಿ. ಮುಂದೆ ಮನೆಯಲ್ಲಿ ಗುಮಾನಿ, ಮಾವನ ಬೈಗುಳ, ಕೊನೆಗೆ ಹುಡುಗ ಬ್ಯಾಗು ಹಿಡಿದು ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೊರಡುತ್ತಾನೆ. ಕಿಟಕಿ, ಗಾಳಿ, ಹಿಂದೆ ಸರಿಯುವ ದೀಪಗಳು. ಇಷ್ಟನ್ನು ಜೋಡಿಸಿ ಗೆಳೆಯನಿಗೆ ತೋರಿಸಿದರೆ ಅವನು ನಕ್ಕುಬಿಟ್ಟ. ‘ಮತ್ತೆ ರೈಲಾ?’ ಎಂದ. ನಾಚಿಕೆಯಾಯಿತು, ಏಕೆಂದರೆ ಅವನು ಹೇಳಿದ್ದು ನಿಜ. ನಾನು ನೋಡಿರುವ ನಮ್ಮ ಕಡೆಯ ಇಂತಹ ಕಿರುಚಿತ್ರಗಳಲ್ಲೆಲ್ಲ ಹುಡುಗ ಸಾಯುತ್ತಾನೆ, ಇಲ್ಲವೇ ಊರು ಬಿಡುತ್ತಾನೆ. ಹುಡುಗನನ್ನು ಪ್ರೀತಿಸುವ ಹುಡುಗ ಬಳ್ಳಾರಿಯಲ್ಲೇ ಉಳಿದು ಮರುದಿನ ಬೆಳಿಗ್ಗೆ ಒಗ್ಗರಣೆ ಮಿರ್ಚಿ ತಿನ್ನುವ ಚಿತ್ರ ನನ್ನ ಕಣ್ಣಿಗೆ ಬಿದ್ದಿಲ್ಲ. ಬರೆಯಲು ಹೋದರೆ ನನಗೂ ಬರುತ್ತಿಲ್ಲ.

ರಾಯಚೂರು_ಬಿಸಿಲು | ಭಾನುವಾರ, ರಾತ್ರಿ 10:40

ಹತ್ತು ಎಂದು ಬರೆಯುವ ದೃಶ್ಯ ಓದಿ ಎದ್ದು ಕುಳಿತೆ. ಉಳಿದದ್ದನ್ನೆಲ್ಲ ಕತ್ತರಿಸಿ ಅದೊಂದನ್ನೇ ಬಿಟ್ಟರೂ ಚಿತ್ರ ನಿಲ್ಲುತ್ತದೆ.

ಮಾತು ಕಡಿಮೆ ಎಂದು ಹೆದರಬೇಡಿ. 2017ರಲ್ಲಿ ಅಮೆರಿಕದ ರಿಂಗ್ಲಿಂಗ್ ಕಲಾ ಕಾಲೇಜಿನ ಇಬ್ಬರು ವಿದ್ಯಾರ್ಥಿಗಳು ಮಾಡಿದ ‘ಇನ್ ಎ ಹಾರ್ಟ್‌ಬೀಟ್’ ನಾಲ್ಕೇ ನಿಮಿಷದ್ದು, ಒಂದು ಮಾತೂ ಇಲ್ಲ. ಶಾಲೆಯ ಹುಡುಗನ ಎದೆಯೊಳಗಿನ ಹೃದಯ ಹೊರಗೆ ಜಿಗಿದು ಇನ್ನೊಬ್ಬ ಹುಡುಗನ ಹಿಂದೆ ಓಡುತ್ತದೆ. ಇವನು ಅದನ್ನು ಹಿಡಿದು ತಂದು ಒಳಗೆ ತುರುಕಲು ಪಡುವ ಪಾಡೇ ಕಥೆ. ಅದೇ ವರ್ಷ ಬಂದ ಫರಾಜ್ ಆರಿಫ್ ಅನ್ಸಾರಿ ಅವರ ‘ಸಿಸಕ್’ನಲ್ಲಿಯೂ ಸಂಭಾಷಣೆ ಇಲ್ಲ. ಮುಂಬೈ ಲೋಕಲ್ ರೈಲಿನಲ್ಲಿ ಇಬ್ಬರು ಗಂಡಸರು, ನೋಟ, ಮೌನ. ಅಲ್ಲಿಯೂ ರೈಲಿದೆ, ಆದರೆ ಆ ರೈಲು ಯಾರನ್ನೂ ಊರು ಬಿಡಿಸುವುದಿಲ್ಲ. ಅವರಿಬ್ಬರಿಗೆ ಸಿಕ್ಕ ಒಂದೇ ಜಾಗ ಅದು.

ಸಂಡೂರು_ಧೂಳು | ಭಾನುವಾರ, ರಾತ್ರಿ 11:05

ರೈಲನ್ನು ಇಷ್ಟು ಹಗುರವಾಗಿ ಕಾಣಬೇಡಿ. ನಾನು ಅದೇ ರೈಲು ಹತ್ತಿದವನು. 2012. ಕಾಯ್ದಿರಿಸದ ಬೋಗಿ, ಶೌಚಾಲಯದ ಪಕ್ಕ ನಿಂತುಕೊಂಡೇ ಬೆಂಗಳೂರು ಮುಟ್ಟಿದೆ. ನಿಮ್ಮ ಗೆಳೆಯನಿಗೆ ಅದು ಸವಕಲು ದೃಶ್ಯ. ನನಗೆ ಅದು ಆ ವಾರ ಉಸಿರಾಡಲು ಸಿಕ್ಕ ಮೊದಲ ರಾತ್ರಿ.

ಮನೆಯವರು ನನ್ನನ್ನು ಒಬ್ಬ ಡಾಕ್ಟರ ಬಳಿ ಕರೆದೊಯ್ದಿದ್ದರು. ಎರಡು ಬಗೆಯ ಮಾತ್ರೆ ಕೊಟ್ಟರು. ಮೂರು ತಿಂಗಳು ನಿದ್ದೆಯಲ್ಲೇ ಕಳೆದೆ, ಎಚ್ಚರವಾದಾಗಲೂ ನಾನು ನಾನೇ ಆಗಿದ್ದೆ. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದದ್ದು 1990ರಲ್ಲಿ. ನನಗೆ ಮಾತ್ರೆ ಕೊಟ್ಟದ್ದು ಇಪ್ಪತ್ತೆರಡು ವರ್ಷದ ಮೇಲೆ. ಪಟ್ಟಿ ನಮ್ಮೂರಿಗೆ ಬರುವ ಬಸ್ಸು ಕೆಟ್ಟು ನಿಂತಿರಬೇಕು. ಈಗ, 2022ರಿಂದ, ಇಂತಹ ‘ಬದಲಿಸುವ ಚಿಕಿತ್ಸೆ’ ಮಾಡಿದರೆ ಅದು ವೈದ್ಯರ ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ ಹೇಳಿದೆ.

ಇನ್ನೊಂದು ಮಾತು. ಸಂಡೂರಿನಲ್ಲೇ ಹುಟ್ಟಿದ ವಸುಧೇಂದ್ರ ಅವರ ‘ಮೋಹನಸ್ವಾಮಿ’ 2013ರಲ್ಲಿ ಬಂದಾಗ ಬೆಂಗಳೂರಿನ ಅಂಗಡಿಯಲ್ಲಿ ನಿಂತುಕೊಂಡೇ ಅರ್ಧ ಓದಿದೆ, ಕೊಂಡು ಕೋಣೆಗೆ ಒಯ್ಯಲು ಧೈರ್ಯವಿರಲಿಲ್ಲ. ನಮ್ಮ ಅದಿರು ಧೂಳಿನ ಊರಿನಿಂದ, ನನ್ನ ಕನ್ನಡದಲ್ಲಿ, ನನ್ನ ಮಾತನ್ನು ಇನ್ನೊಬ್ಬರು ಬರೆದಿದ್ದಾರೆ ಎಂಬುದನ್ನು ನಂಬಲು ಎರಡು ದಿನ ಬೇಕಾಯಿತು. ಆ ಪುಸ್ತಕ ನನಗೆ ಸಿಕ್ಕಿದ್ದು ಊರು ಬಿಟ್ಟದ್ದಕ್ಕೆ. ಆದ್ದರಿಂದ ಹುಡುಗನನ್ನು ರೈಲು ಹತ್ತಿಸುವುದಾದರೆ ಹತ್ತಿಸಿ. ಗಾಳಿಗೆ ಕೂದಲು ಹಾರಿಸುವುದು ಮಾತ್ರ ಬೇಡ. ಕಾಯ್ದಿರಿಸದ ಬೋಗಿಯಲ್ಲಿ ಕಿಟಕಿ ಪಕ್ಕದ ಸೀಟು ಯಾರಿಗೂ ಸಿಗುವುದಿಲ್ಲ.

ಕೌಲ್‌ಬಜಾರ್_ಕ್ಯಾಮೆರಾ | ಭಾನುವಾರ, ರಾತ್ರಿ 11:19

ಅಣ್ಣ, ಕ್ಷಮಿಸಿ. ಕಿಟಕಿಯ ಮಾತು ಒಪ್ಪಿದೆ. ನಾನು ಸ್ಲೀಪರ್ ಬೋಗಿಯಲ್ಲಿ ಚಿತ್ರೀಕರಿಸಿದ್ದೆ, ಅದೂ ಹಗಲಿನ ಬೇರೊಂದು ರೈಲಿನಲ್ಲಿ.

ಸಂಸ್ಕಾರವಂತ | ಸೋಮವಾರ, ಬೆಳಿಗ್ಗೆ 7:31

ಇದೆಲ್ಲ ಹೊರದೇಶದಿಂದ ಬಂದ ರೋಗ. ನಮ್ಮ ನೆಲದಲ್ಲಿ ಇಂತಹದ್ದು ಇರಲಿಲ್ಲ. ಬಳ್ಳಾರಿಯಲ್ಲಿ ಸಿನಿಮಾ ಮಾಡಲು ಬೇರೆ ವಿಷಯವೇ ಸಿಗಲಿಲ್ಲವೇ? ಗಣಿ ಇದೆ, ಕೋಟೆ ಇದೆ, ನೀರಿಲ್ಲ.

ಹುಲಿಗಿ_ದಾರಿ | ಸೋಮವಾರ, ಬೆಳಿಗ್ಗೆ 8:50

ಸ್ವಾಮಿ, ಹೊರದೇಶದಿಂದ ಬಂದದ್ದು ಕಾನೂನು. 377ನೆಯ ಕಲಮನ್ನು ಬರೆದದ್ದು ಬ್ರಿಟಿಷರು, 1860ರ ದಂಡ ಸಂಹಿತೆಯಲ್ಲಿ. 2009ರಲ್ಲಿ ದೆಹಲಿ ಹೈಕೋರ್ಟ್ ಅದರ ಹಲ್ಲು ಕಿತ್ತಿತು, 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಹಲ್ಲು ಮರಳಿ ಕಟ್ಟಿತು, 2018ರ ಸೆಪ್ಟೆಂಬರ್ 6ರಂದು ಅದೇ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ವಯಸ್ಕರಿಬ್ಬರ ಒಪ್ಪಿತ ಸಂಬಂಧ ಅಪರಾಧವಲ್ಲ ಎಂದು ತೀರ್ಪು ಕೊಟ್ಟಿತು. ನೀರಿನ ಬಗ್ಗೆ ಚಿತ್ರ ನೀವು ಮಾಡಿ, ಖಂಡಿತ ನೋಡುತ್ತೇನೆ.

ಈಗ ಚಿತ್ರದ ಹುಡುಗನಿಗೆ. ನಾನು ಕೊಪ್ಪಳ ಜಿಲ್ಲೆಯ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುತ್ತೇನೆ. ಹುಲಿಗೆಮ್ಮನ ಜಾತ್ರೆಗೆ ಹೋದರೆ, ಗಂಡಾಗಿ ಹುಟ್ಟಿ ದೇವಿಯ ಹೆಸರಿನಲ್ಲಿ ಸೀರೆ ಉಟ್ಟ ಜೋಗಪ್ಪಂದಿರ ಕಾಲಿಗೆ ಬೀಳುವ ಜನ ನಮ್ಮವರು. ಬಳ್ಳಾರಿ ಜಿಲ್ಲೆಯ ಕಲ್ಲುಕಂಬದಲ್ಲಿ ಹುಟ್ಟಿದ ಮಂಜಮ್ಮ ಜೋಗತಿ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಅಂದರೆ ಈ ಸೀಮೆಗೆ ಒಂದು ಬಗೆಯ ಭಿನ್ನತೆಯನ್ನು ಗುರುತಿಸುವ ಪದವೂ ಗೊತ್ತು, ಪದ್ಧತಿಯೂ ಗೊತ್ತು. ಅದು ಸುಖದ ಬಾಳೇನೂ ಅಲ್ಲ, ಭಕ್ತಿ ಬೇರೆ, ಮನೆ ಬಾಡಿಗೆಗೆ ಕೊಡುವುದು ಬೇರೆ. ಆದರೆ ಪದವಂತೂ ಇದೆ. ಪ್ಯಾಂಟು ಶರ್ಟು ಹಾಕಿಕೊಂಡು, ಮೀಸೆ ಬಿಟ್ಟು, ಗಂಡಾಗಿಯೇ ಇದ್ದು ಗಂಡನ್ನು ಪ್ರೀತಿಸುವ ಹುಡುಗನಿಗೆ ಊರಿನ ಬಾಯಲ್ಲಿ ಪದವಿಲ್ಲ. ಇರುವುದೆಲ್ಲ ಬೈಗುಳ. ಪತ್ರಿಕೆಯವರು ‘ಸಲಿಂಗಕಾಮಿ’ ಎನ್ನುತ್ತಾರೆ. ಯಾರಾದರೂ ತಮ್ಮ ಅಮ್ಮನೆದುರು ಹೇಳಿಕೊಳ್ಳಬಹುದಾದ ಪದವೇ ಅದು? ‘ಕಾಮಿ’ ಎಂದು ಬಾಯಿ ಬಿಟ್ಟೊಡನೆ ಅಡುಗೆಮನೆಯಲ್ಲಿ ಪಾತ್ರೆ ಬೀಳುತ್ತದೆ. ‘ಸಲಿಂಗಿ’ ಸ್ವಲ್ಪ ವಾಸಿ, ಆದರೂ ಲಿಂಗವಂತರ ಮನೆಯಲ್ಲಿ ಬೇರೆಯೇ ಅರ್ಥ ಮಾಡಿಕೊಂಡಾರು!

ನಿಮ್ಮ ಹುಡುಗ ತನ್ನನ್ನು ಏನೆಂದು ಕರೆದುಕೊಳ್ಳುತ್ತಾನೆ?

ಕೌಲ್‌ಬಜಾರ್_ಕ್ಯಾಮೆರಾ | ಸೋಮವಾರ, ಬೆಳಿಗ್ಗೆ 9:15

ಮೇಡಂ, ಏನೂ ಕರೆದುಕೊಳ್ಳುವುದಿಲ್ಲ. ಒಂದು ದೃಶ್ಯದಲ್ಲಿ ಮೊಬೈಲಿನಲ್ಲಿ ‘ಗೇ’ ಎಂದು ಟೈಪ್ ಮಾಡಿ, ಹುಡುಕುವ ಮೊದಲೇ ಅಳಿಸುತ್ತಾನೆ.

ಸಂಸ್ಕಾರವಂತ | ಸೋಮವಾರ, ಬೆಳಿಗ್ಗೆ 9:22

[ಈ ಪ್ರತಿಕ್ರಿಯೆಯನ್ನು ನಿರ್ವಾಹಕರು ತೆಗೆದಿದ್ದಾರೆ]

ನಿರ್ವಾಹಕ | ಸೋಮವಾರ, ಬೆಳಿಗ್ಗೆ 9:30

ವಿಷಯ ಒಪ್ಪದಿದ್ದರೆ ಒಪ್ಪಬೇಡಿ, ಆದರೆ ಬರೆದವರ ತಂದೆತಾಯಿಯನ್ನು ಎಳೆದು ತರುವಂತಿಲ್ಲ. ಚಿತ್ರದ ಬಗ್ಗೆ ಮಾತನಾಡುವವರು ಮುಂದುವರಿಯಿರಿ.

ರಾಯಚೂರು_ಬಿಸಿಲು | ಸೋಮವಾರ, ಮಧ್ಯಾಹ್ನ 1:48

ಬೈಗುಳದ ಮಾತು ಬಂದದ್ದರಿಂದ ಹೇಳುತ್ತೇನೆ. ಇಲ್ಲದಿದ್ದರೆ ಹೇಳುತ್ತಿರಲಿಲ್ಲ.

ಪಿಯುಸಿಯಲ್ಲಿ ನನ್ನ ಹಾಜರಿ ಸಂಖ್ಯೆ ಒಂಬತ್ತು. ಈ ಕಡೆ ಆ ಅಂಕಿಯನ್ನು ಯಾರ ಮೇಲೆ ಎಸೆಯುತ್ತಾರೆ ಎಂದು ನಿಮಗೆಲ್ಲ ಗೊತ್ತು. ನನ್ನ ನಡಿಗೆ ಸ್ವಲ್ಪ ಮೆತ್ತಗೆ, ಕೈ ಆಡಿಸಿ ಮಾತನಾಡುತ್ತಿದ್ದೆ, ಅದರ ಮೇಲೆ ಈ ಅಂಕಿ. ದಿನಾ ಬೆಳಿಗ್ಗೆ ಏಳು, ಎಂಟು ಎಂದು ಕೂಗುತ್ತಿದ್ದಂತೆ ಹಿಂದಿನ ಬೆಂಚಿನಲ್ಲಿ ಗಂಟಲು ಸರಿಪಡಿಸಿಕೊಳ್ಳುವ ಸದ್ದು. ಮೇಷ್ಟ್ರು ಒಂದು ಕ್ಷಣ ನಿಲ್ಲುತ್ತಿದ್ದರು. ಕೆಟ್ಟವರಲ್ಲ. ನಗು ತಡೆಯಲು ನಿಲ್ಲುತ್ತಿದ್ದರು, ಆ ನಿಲುಗಡೆಯೇ ನಗುವಿಗೆ ಅಪ್ಪಣೆ ಕೊಟ್ಟಂತೆ ಆಗುತ್ತಿತ್ತು. ಎರಡು ವರ್ಷ ನಾನು ‘ಹಾಜರ್ ಸರ್’ ಎನ್ನಲಿಲ್ಲ, ಬರೀ ಕೈ ಎತ್ತಿದೆ. ಇವತ್ತಿಗೂ ಅಂಗಡಿಯಲ್ಲಿ ಒಂಬತ್ತು ರೂಪಾಯಿ ಎಂದರೆ ಹತ್ತು ಕೊಟ್ಟು ಹೊರಟುಬಿಡುತ್ತೇನೆ.

ನಿಮ್ಮ ಟೈಲರ್ ‘ಒಂಬತ್ತು’ ಎಂದಾಗ ಹುಡುಗ ಹತ್ತು ಎಂದು ಬರೆಯುವುದನ್ನು ನೀವು ಪ್ರೇಮಪತ್ರ ಎಂದಿರಿ. ನಾನು ಓದಿದ್ದು ಬೇರೆ. ಅವನಿಗೆ ಆ ಅಂಕಿ ಬರೆಯಲು ಕೈ ಬಂದಿಲ್ಲ ಎಂದುಕೊಂಡೆ.

ಕೌಲ್‌ಬಜಾರ್_ಕ್ಯಾಮೆರಾ | ಸೋಮವಾರ, ಮಧ್ಯಾಹ್ನ 2:03

ದೇವರಾಣೆ, ನಾನು ಇದನ್ನು ಯೋಚಿಸಿಯೇ ಇರಲಿಲ್ಲ. ಬಾಯಿಗೆ ಬಂದ ಅಂಕಿ ಹಾಕಿದ್ದೆ. ಬಾಯಿಗೆ ಅದೇ ಏಕೆ ಬಂತೋ.

ಸಂಡೂರು_ಧೂಳು | ಸೋಮವಾರ, ಮಧ್ಯಾಹ್ನ 2:10

ಹಾಜರಿ ದೃಶ್ಯವನ್ನೇ ಮೊದಲಿಗೆ ಇಡಿ. ಒಂದು ತರಗತಿ, ಒಂದು ಪುಸ್ತಕ, ಒಂದು ನಿಲುಗಡೆ. ಖರ್ಚೂ ಇಲ್ಲ.

ಹುಲಿಗಿ_ದಾರಿ | ಸೋಮವಾರ, ಸಂಜೆ 6:20

ನಾಳೆಯಿಂದ ನಾನು ಹಾಜರಿಯನ್ನು ಹೆಸರು ಹಿಡಿದು ಕೂಗುತ್ತೇನೆ. ಇಷ್ಟು ವರ್ಷ ಹೊಳೆಯದೇ ಹೋಯಿತಲ್ಲ.

ಕ್ಯಾಮೆರಾ ಅವರೇ, ನಿಮ್ಮ ಹಳೆಯ ಕರಡಿನಲ್ಲಿ ಹುಡುಗ ಸಾಯುತ್ತಿದ್ದನೇ? ‘ಸಾಯುತ್ತಾನೆ, ಇಲ್ಲವೇ ಊರು ಬಿಡುತ್ತಾನೆ’ ಎಂದು ಬರೆದ ರೀತಿ ನೋಡಿ ಅನುಮಾನ ಬಂತು.

ಕೌಲ್‌ಬಜಾರ್_ಕ್ಯಾಮೆರಾ | ಸೋಮವಾರ, ಸಂಜೆ 6:41

ಹೌದು ಮೇಡಂ. ಮೊದಲ ಕರಡಿನಲ್ಲಿ ಕಾಲುವೆ ಇತ್ತು. ಗಟ್ಟಿ ಅಂತ್ಯ ಎಂದುಕೊಂಡಿದ್ದೆ. ತೆಗೆದೆ.

ಹುಲಿಗಿ_ದಾರಿ | ಸೋಮವಾರ, ಸಂಜೆ 7:15

ತೆಗೆದದ್ದು ಒಳ್ಳೆಯದಾಯಿತು. ಇಂತಹ ಚಿತ್ರವನ್ನು ಹದಿನೆಂಟರ ಹುಡುಗ ಹೊದಿಕೆಯೊಳಗೆ ಮೊಬೈಲ್ ಹಿಡಿದು ಒಬ್ಬನೇ ನೋಡುತ್ತಾನೆ. ಪಕ್ಕದಲ್ಲಿ ಯಾರೂ ಇರುವುದಿಲ್ಲ.

1994ರ ‘ಟ್ರೆವರ್’ ಎಂಬ ಅಮೆರಿಕದ ಕಿರುಚಿತ್ರ ನೆನಪಾಗುತ್ತದೆ. ಪೆಗ್ಗಿ ರಾಜ್‌ಸ್ಕಿ ನಿರ್ದೇಶಿಸಿದ್ದು, ಆಸ್ಕರ್ ಪಡೆದದ್ದು. ಹದಿಮೂರರ ಹುಡುಗ, ಡಯಾನಾ ರಾಸ್ ಎಂಬ ಗಾಯಕಿಯ ಹುಚ್ಚು ಅಭಿಮಾನಿ. ಅವನು ಸಾಯಲು ನೋಡುತ್ತಾನೆ, ಬದುಕುತ್ತಾನೆ, ಚಿತ್ರದಲ್ಲಿ ನಗುವೂ ಇದೆ. 1998ರಲ್ಲಿ ಅದು ಟಿವಿಯಲ್ಲಿ ಪ್ರಸಾರವಾಗುವ ಮೊದಲು ಮಾಡಿದವರಿಗೆ ಒಂದು ಚಿಂತೆ ಹತ್ತಿತು. ಇದನ್ನು ನೋಡುವ ಅಂತಹದೇ ಹುಡುಗ ಆ ರಾತ್ರಿ ಯಾರಿಗೆ ಫೋನ್ ಮಾಡಬೇಕು? ಅಂತಹ ಸಂಖ್ಯೆ ಇರಲಿಲ್ಲ. ಅವರೇ ಸಹಾಯವಾಣಿ ಕಟ್ಟಿದರು, ಅದು ಇಂದಿಗೂ ನಡೆಯುತ್ತಿದೆ. ನಮ್ಮಲ್ಲಿ 2022ರ ಅಕ್ಟೋಬರ್‌ನಿಂದ ಸರ್ಕಾರದ ಟೆಲಿ ಮಾನಸ್ ಇದೆ. ಸಂಖ್ಯೆ 14416, ದುಡ್ಡು ಬೀಳುವುದಿಲ್ಲ, ಕನ್ನಡದಲ್ಲೇ ಮಾತನಾಡಬಹುದು. ನಿಮ್ಮ ಚಿತ್ರದ ಕೊನೆಯಲ್ಲಿ ಆ ಸಂಖ್ಯೆಯನ್ನು ಓದಲು ಸಾಕಾಗುವಷ್ಟು ಹೊತ್ತು ನಿಲ್ಲಿಸಿ, ಹೆಸರುಗಳ ಜೊತೆ ಓಡಿಸಬೇಡಿ.

ಗಂಗಾವತಿ_ಅಮ್ಮ | ಸೋಮವಾರ, ರಾತ್ರಿ 9:02

ನನಗೆ ಸಿನಿಮಾ ಗೊತ್ತಿಲ್ಲ. ಮಗ ಈ ಚರ್ಚೆಯನ್ನು ಕಳಿಸಿದ, ಓದಿದೆ.

ಅವನು ನನಗೆ ಹೇಳಿದ್ದು ಸ್ಕೂಟರಿನ ಮೇಲೆ. ಗಂಗಾವತಿಯಿಂದ ಕೊಪ್ಪಳಕ್ಕೆ ಸಂಬಂಧಿಕರ ಮನೆಗೆ ಹೊರಟಿದ್ದೆವು. ಅವನು ಓಡಿಸುತ್ತಿದ್ದ, ನಾನು ಹಿಂದೆ. ಮುಖ ನೋಡಬೇಕಾಗಿಲ್ಲ ಎಂದು ಆ ಹೊತ್ತನ್ನೇ ಆರಿಸಿಕೊಂಡಿದ್ದನಂತೆ. ಹೇಳಿದ. ನಾನು ‘ನಿಧಾನ, ನಿಧಾನ’ ಎಂದೆ. ಅವನು ಒಂದು ವರ್ಷ ಆ ಮಾತನ್ನು ಹಿಡಿದುಕೊಂಡು ಏನೇನೋ ಅರ್ಥ ಮಾಡಿಕೊಂಡ. ಅಮ್ಮ ಕಾಲಾವಕಾಶ ಕೇಳಿದ್ದಾಳೆ ಎಂದು ಗೆಳೆಯರಿಗೂ ಹೇಳಿದನಂತೆ. ನಿಜ ಹೇಳಬೇಕೆಂದರೆ ಎದುರಿಗೆ ಭತ್ತದ ಲಾರಿ ಬರುತ್ತಿತ್ತು.

ಅವನು ಊರು ಬಿಟ್ಟಿಲ್ಲ. ಇಲ್ಲೇ ರೈಸ್‌ಮಿಲ್ಲಿನ ಕಚೇರಿಯಲ್ಲಿ ಕೆಲಸ. ಅವರಪ್ಪನಿಗೆ ಇನ್ನೂ ಹೇಳಿಲ್ಲ. ಹೆಣ್ಣು ನೋಡುವ ಮಾತು ಬಂದಾಗಲೆಲ್ಲ ಜಾತಕದಲ್ಲಿ ದೋಷವಿದೆ ಎಂದು ನಾನೇ ಹೇಳುತ್ತೇನೆ. ಮೂರು ವರ್ಷದಿಂದ ಒಂದೇ ದೋಷ. ಇನ್ನೊಂದು ಹುಡುಕಬೇಕು.

ಸಂಡೂರು_ಧೂಳು | ಸೋಮವಾರ, ರಾತ್ರಿ 9:20

ಅಮ್ಮ, ನಿಮ್ಮ ಪಾದಕ್ಕೆ ನಮಸ್ಕಾರ. ಲಾರಿಗೂ.

ಎಡದಂಡೆ | ಸೋಮವಾರ, ರಾತ್ರಿ 11:52

ಸಿಂಧನೂರಿನ ಕಡೆಯವನು. ನಲವತ್ತಾರು ವರ್ಷ. ಈ ಖಾತೆಯಿಂದ ಮೊದಲ ಬಾರಿ ಬರೆಯುತ್ತಿದ್ದೇನೆ.

ತಮ್ಮಾ, ಉಳಿದವನ ಚಿತ್ರ ನೋಡಿಲ್ಲ ಎಂದು ಬರೆದೆಯಲ್ಲ, ನಾನು ಉಳಿದವನು. 2004ರಲ್ಲಿ ಮದುವೆಯಾಯಿತು. ಯಾರೂ ಬಲವಂತ ಮಾಡಲಿಲ್ಲ. ಅಪ್ಪನಿಗೆ ಎದೆನೋವು ಬಂತು, ಅಷ್ಟೇ. ಇಬ್ಬರು ಮಕ್ಕಳು, ಎಂಟು ಎಕರೆ ಗದ್ದೆ, ಗೊಬ್ಬರದ ಅಂಗಡಿ. ಊರಿನಲ್ಲಿ ಗೌರವವಿದೆ. ಕಾಲೇಜಿನ ಕಾಲದ ಗೆಳೆಯ ಒಬ್ಬನಿದ್ದ, ಪಕ್ಕದ ಹಳ್ಳಿ. ನನ್ನ ಮದುವೆಯಲ್ಲಿ ಅವನೇ ಓಡಾಡಿ ಬಡಿಸಿದ. ನನ್ನ ಎಲೆಗೆ ಎರಡು ಸಲ ಹೋಳಿಗೆ ಹಾಕಿದ, ನಾನು ಬೇಡವೆನ್ನಲಿಲ್ಲ. ಆಮೇಲೆ ಅವನಿಗೂ ಮದುವೆಯಾಯಿತು. ಈಗ ವರ್ಷಕ್ಕೊಮ್ಮೆ ಯೂರಿಯಾ ಕೊಳ್ಳಲು ಬರುತ್ತಾನೆ. ಲೆಕ್ಕದಲ್ಲಿ ಕೊಡುತ್ತಾನೆ, ಲೆಕ್ಕದಲ್ಲಿ ತೆಗೆದುಕೊಳ್ಳುತ್ತೇನೆ.

ನಿನ್ನ ಹುಡುಗನನ್ನು ಉಳಿಸುವುದಾದರೆ ಉಳಿಸು. ಆದರೆ ಉಳಿಯುವುದನ್ನು ಸಿಹಿ ಮಾಡಬೇಡ. ಮಿರ್ಚಿ ತಿಂದು ನಗುವ ಬೆಳಿಗ್ಗೆ ಮುಗಿದ ಮೇಲೆ ಮಧ್ಯಾಹ್ನ ಇರುತ್ತದೆ.

ಹುಲಿಗಿ_ದಾರಿ | ಮಂಗಳವಾರ, ಬೆಳಿಗ್ಗೆ 6:45

ಅಣ್ಣ, ಓದಿ ಬಹಳ ಹೊತ್ತು ಸುಮ್ಮನಿದ್ದೆ. ಒಂದು ಮಾತು ಕೇಳದಿರಲಾರೆ, ಸಿಟ್ಟಾಗಬೇಡಿ. ಮನೆಯಾಕೆಗೆ ಗೊತ್ತೇ?

ಎಡದಂಡೆ | ಮಂಗಳವಾರ, ಬೆಳಿಗ್ಗೆ 7:30

ಸಿಟ್ಟಿಲ್ಲ. ಗೊತ್ತಿಲ್ಲ ಎಂದು ಹತ್ತೊಂಬತ್ತು ವರ್ಷ ಅಂದುಕೊಂಡಿದ್ದೆ. ಒಂದು ದಿನ ಟಿವಿಯಲ್ಲಿ ಮದುವೆಯ ತೀರ್ಪು ಬಂತು, 2023ರ ಅಕ್ಟೋಬರ್, ಇಬ್ಬರು ಗಂಡಸರ ಮದುವೆಗೆ ಮಾನ್ಯತೆ ಕೊಡಲು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ ಎಂಬ ಸುದ್ದಿ. ಆಕೆ ಕಡಲೆ ಬಿಡಿಸುತ್ತಿದ್ದಳು. ‘ಕೊಟ್ಟಿದ್ದರೆ ಯಾವಳೋ ಒಬ್ಬಳಾದರೂ ಉಳಿದುಕೊಳ್ಳುತ್ತಿದ್ದಳು’ ಎಂದಳು. ಚಾನೆಲ್ ಬದಲಿಸಲಿಲ್ಲ. ನಾನೂ ಬದಲಿಸಲಿಲ್ಲ. ಆಕೆಯ ಚಿತ್ರವನ್ನೂ ಯಾರಾದರೂ ಮಾಡಬೇಕು.

ಕೌಲ್‌ಬಜಾರ್_ಕ್ಯಾಮೆರಾ | ಮಂಗಳವಾರ, ಮಧ್ಯಾಹ್ನ 12:30

ಅಣ್ಣ, ನಿಮ್ಮ ಹೋಳಿಗೆಯ ಮುಂದೆ ನನ್ನ ರೈಲು ನಾಚಿಕೊಂಡಿದೆ. ಏನು ಉತ್ತರ ಬರೆಯಬೇಕೋ ತಿಳಿಯುತ್ತಿಲ್ಲ.

ರಾಯಚೂರು_ಬಿಸಿಲು | ಮಂಗಳವಾರ, ಮಧ್ಯಾಹ್ನ 3:10

ಉಳಿಯುವವರು, ಬಿಡುವವರು ಆಯಿತು. ಮರಳಿ ಬರುವವರೂ ಇದ್ದಾರೆ. ಮರಾಠಿಯ ‘ಸಾಬರ್ ಬೋಂಡ’ 2025ರಲ್ಲಿ ಸನ್‌ಡಾನ್ಸ್ ಉತ್ಸವದ ವಿಶ್ವ ಸಿನಿಮಾ ವಿಭಾಗದಲ್ಲಿ ದೊಡ್ಡ ಬಹುಮಾನ ಪಡೆಯಿತು. ಅಪ್ಪ ತೀರಿಕೊಂಡಾಗ ಮುಂಬೈಯಿಂದ ಹಳ್ಳಿಗೆ ಬರುವ ಗಂಡಸು, ಹತ್ತು ದಿನದ ಸೂತಕ, ಬಾಲ್ಯದ ಗೆಳೆಯನಾದ ರೈತ. ನಿರ್ದೇಶಕ ರೋಹನ್ ಕಾನವಡೆ ಅದಕ್ಕೆ ಮೊದಲು ಕಿರುಚಿತ್ರಗಳನ್ನೇ ಮಾಡುತ್ತಿದ್ದವರು. ಬ್ರೆಜಿಲ್‌ನ ಡೇನಿಯಲ್ ರಿಬೇರೊ ಕೂಡ ಹಾಗೆಯೇ. ಕಣ್ಣು ಕಾಣದ ಹುಡುಗನೊಬ್ಬ ತರಗತಿಗೆ ಹೊಸದಾಗಿ ಬಂದವನನ್ನು ಇಷ್ಟಪಡುವ ಹದಿನೇಳು ನಿಮಿಷದ ಚಿತ್ರವನ್ನು 2010ರಲ್ಲಿ ಮಾಡಿದರು. ಅದೇ ನಟರನ್ನು ಇಟ್ಟುಕೊಂಡು 2014ರಲ್ಲಿ ಪೂರ್ಣ ಚಿತ್ರ ಮಾಡಿ ಬರ್ಲಿನ್‌ನಲ್ಲಿ ಟೆಡ್ಡಿ ಪ್ರಶಸ್ತಿ ಪಡೆದರು. ಕಿರುಚಿತ್ರದಲ್ಲಿ ಎಲ್ಲವನ್ನೂ ಮುಗಿಸಬೇಕಾಗಿಲ್ಲ ಎನ್ನುವುದಕ್ಕೆ ಹೇಳಿದೆ. ನೀವು ಒಂದು ಬೇಸಿಗೆ ತೋರಿಸಿದರೆ ಸಾಕು, ಹುಡುಗನ ಇಡೀ ಆಯುಷ್ಯವನ್ನು ಹದಿನೆಂಟು ನಿಮಿಷಕ್ಕೆ ತುಂಬಿಸಲು ಹೋದಾಗಲೇ ರೈಲು ಬರುವುದು.

ಜೊತೆಗೆ ಎರಡು ಒಣ ಮಾತು. ಹಾಲ್ ಹಿಡಿದು ಸಾರ್ವಜನಿಕ ಪ್ರದರ್ಶನ ಮಾಡುವುದಾದರೆ 1952ರ ಕಾಯ್ದೆಯಂತೆ ಸೆನ್ಸಾರ್ ಪ್ರಮಾಣಪತ್ರ ಬೇಕು, ಯೂಟ್ಯೂಬ್‌ಗೆ ಬೇಕಾಗಿಲ್ಲ. ಘಟಕದ ರೇಡಿಯೊದಲ್ಲಿ ಸಿನಿಮಾ ಹಾಡು ಕೇಳಿಸುತ್ತಿದ್ದರೆ ಆ ಧ್ವನಿ ತೆಗೆಯಿರಿ, ಹಾಕಿದ ಗಂಟೆಯೊಳಗೆ ಹಕ್ಕುಸ್ವಾಮ್ಯದ ತಕರಾರು ಬರುತ್ತದೆ.

ಪಾಕೆಟ್_ಮಾಸ್ಟರ್ | ಮಂಗಳವಾರ, ರಾತ್ರಿ 10:35

ನಾನು ಬಳ್ಳಾರಿಯ ಒಂದು ಜೀನ್ಸ್ ಘಟಕದಲ್ಲಿ ಹನ್ನೊಂದು ವರ್ಷದಿಂದ ಹಿಂದಿನ ಜೇಬು ಹೊಲಿಯುತ್ತೇನೆ. ನಿಮ್ಮ ಹುಡುಗರ ವಿಷಯ ನನಗೆ ಅಷ್ಟು ತಿಳಿಯುವುದಿಲ್ಲ, ತಪ್ಪು ಎಂದೂ ಅನಿಸಲಿಲ್ಲ. ಲೆಕ್ಕದ ವಿಷಯದಲ್ಲಿ ಮಾತ್ರ ಚಿತ್ರ ತಪ್ಪಿದೆ.

ಮೊದಲನೆಯದು, ನಮ್ಮಲ್ಲಿ ಒಬ್ಬನೇ ಪೂರ್ತಿ ಪ್ಯಾಂಟು ಹೊಲಿಯುವುದಿಲ್ಲ. ಜೇಬಿನವನು ಬೇರೆ, ಜಿಪ್ಪಿನವನು ಬೇರೆ, ಸೊಂಟಪಟ್ಟಿಯವನು ಬೇರೆ. ನಿಮ್ಮ ಟೈಲರ್ ಏನು ಹೊಲಿಯುತ್ತಾನೆ ಎಂದು ಗಟ್ಟಿ ಮಾಡಿಕೊಳ್ಳಿ. ಜೇಬು ಎಂದು ಇಡಿ, ಕೈ ಚೆನ್ನಾಗಿ ಕಾಣುತ್ತದೆ. ಬಟ್ಟೆಯನ್ನು ತಿರುಗಿಸುವಾಗ ಎಡಗೈ ಹೆಬ್ಬೆರಳು ಒತ್ತುತ್ತದೆ, ಬಣ್ಣ ಹೆಚ್ಚು ಹತ್ತುವುದು ಅದಕ್ಕೇ. ಎಲ್ಲಾ ಬೆರಳಿಗೂ ನೀಲಿ ಬಳಿದರೆ ನಮ್ಮವರು ನಗುತ್ತಾರೆ.

ಎರಡನೆಯದು, ಬಂಡಲ್ ಕೊಡುವವನು ಕಟಿಂಗ್ ಮಾಸ್ಟರ್. ಪ್ರತಿ ಬಂಡಲ್‌ಗೂ ಚೀಟಿ ಕಟ್ಟಿ, ನಂಬರ್ ಹಾಕಿ ಕೊಟ್ಟಿರುತ್ತಾನೆ. ಒಂಬತ್ತು ಹೊಲಿದು ಹತ್ತು ಬರೆದರೆ ಶನಿವಾರ ಬಟವಾಡೆಯ ಹೊತ್ತಿಗೆ ಚೀಟಿ ತಾಳೆ ಬೀಳುವುದಿಲ್ಲ. ಬೈಗುಳ ಬೀಳುವುದು ಬರೆದವನಿಗೆ. ಮಾಲೀಕ ಸೋದರಮಾವನಾದರೆ ಇನ್ನೂ ಜಾಸ್ತಿ ಬೈಯುತ್ತಾನೆ.

ಅವನ ಜಾಗದಲ್ಲಿ ನಾನಿದ್ದರೆ ಆ ರಾತ್ರಿಯೇ ಕುಳಿತು ಹತ್ತನೆಯದನ್ನು ಹೊಲಿದಿಡುತ್ತಿದ್ದೆ. ಪಾಪ ಹುಡುಗ ಬರೆದುಬಿಟ್ಟಿದ್ದಾನೆ, ಬೈಸಿಕೊಳ್ಳಬಾರದಲ್ಲ.

ರಾಯಚೂರು_ಬಿಸಿಲು | ಮಂಗಳವಾರ, ರಾತ್ರಿ 10:39

ಮಾಸ್ಟರ್, ನೀವು ಏನು ಬರೆದಿರಿ ಎಂದು ನಿಮಗೆ ಗೊತ್ತೇ?

ಪಾಕೆಟ್_ಮಾಸ್ಟರ್ | ಮಂಗಳವಾರ, ರಾತ್ರಿ 10:41

ಏನಾಯಿತು? ತಪ್ಪಾಯಿತೇ?

ಕೌಲ್‌ಬಜಾರ್_ಕ್ಯಾಮೆರಾ | ಬುಧವಾರ, ಬೆಳಗಿನ ಜಾವ 2:20

ನಿದ್ದೆ ಬರಲಿಲ್ಲ, ಬರೆದೆ. ಓದಿ ಬೈಯಿರಿ.

ಮೊದಲಿಗೆ ಹಾಜರಿ. ಏಳು, ಎಂಟು, ನಿಲುಗಡೆ, ಎತ್ತಿದ ಕೈ. ಆಮೇಲೆ ಘಟಕ. ‘ಎಷ್ಟು?’ ‘ಒಂಬತ್ತು.’ ಪೆನ್ನು ನಿಲ್ಲುತ್ತದೆ. ತರಗತಿಯಲ್ಲಿ ನಿಂತಷ್ಟೇ ಹೊತ್ತು. ಹತ್ತು ಎಂದು ಬರೆಯುತ್ತಾನೆ. ಟೈಲರ್ ನೋಡುತ್ತಾನೆ. ಅವನಿಗೆ ಕಾರಣ ಗೊತ್ತೋ ಇಲ್ಲವೋ ನಾನು ಹೇಳುವುದಿಲ್ಲ.

ಮನೆಯಲ್ಲಿ ಜಗಳ, ಇದನ್ನು ಗೋಡೆಯಾಚೆಯಿಂದ ಕೇಳಿಸುತ್ತೇನೆ. ಹುಡುಗ ಬ್ಯಾಗು ಹಿಡಿದು ಸ್ಟೇಷನ್ ಕಡೆ ನಡೆಯುತ್ತಾನೆ. ದಾರಿಯಲ್ಲಿ ಘಟಕ. ಶಟರ್ ಅರ್ಧ ಇಳಿದಿದೆ, ಕೆಳಗೆ ಟ್ಯೂಬ್‌ಲೈಟಿನ ಬೆಳಕು, ಒಳಗೆ ಒಂದೇ ಮೆಷಿನ್ ಓಡುವ ಸದ್ದು. ಹಗಲಿನಲ್ಲಿ ಮೂವತ್ತು ಮೆಷಿನ್‌ಗಳ ಗದ್ದಲದಲ್ಲಿ ಕಳೆದುಹೋಗಿದ್ದ ಸದ್ದು. ಬಗ್ಗಿ ನೋಡುತ್ತಾನೆ. ಎಡಗೈ ಹೆಬ್ಬೆರಳು. ಪಕ್ಕದಲ್ಲಿ ಚೀಟಿ ಕಟ್ಟಿದ ಒಂಬತ್ತು ಬಂಡಲ್, ಮೆಷಿನ್ ಮೇಲೆ ಹತ್ತನೆಯದು.

ಹುಡುಗ ಬ್ಯಾಗನ್ನು ಕೆಳಗಿಟ್ಟು ಮೆಟ್ಟಿಲ ಮೇಲೆ ಕೂರುತ್ತಾನೆ. ದೂರದಲ್ಲಿ ರೈಲಿನ ಹಾರನ್. ಮೆಷಿನ್ ಒಂದು ಕ್ಷಣ ನಿಂತು ಮತ್ತೆ ಓಡುತ್ತದೆ.

ಅವನು ರೈಲು ತಪ್ಪಿಸಿಕೊಂಡನೋ, ನಾಳೆಯ ರೈಲಿಗೆ ಹೋದನೋ, ಎಡದಂಡೆ ಅಣ್ಣನಂತೆ ಇಪ್ಪತ್ತು ವರ್ಷ ಉಳಿದನೋ, ನನಗೂ ಗೊತ್ತಿಲ್ಲ.

ಸಂಡೂರು_ಧೂಳು | ಬುಧವಾರ, ಬೆಳಿಗ್ಗೆ 6:10

ಟಿಕೆಟ್ ಹರಿಯುವ ದೃಶ್ಯ ಸೇರಿಸಿದರೆ ಬೆಂಗಳೂರಿನಿಂದ ಬಂದು ಹೊಡೆಯುತ್ತೇನೆ. ಟಿಕೆಟ್ ಜೇಬಿನಲ್ಲೇ ಇರಲಿ.

ಎಡದಂಡೆ | ಬುಧವಾರ, ಬೆಳಿಗ್ಗೆ 6:55

ಮೆಟ್ಟಿಲ ಮೇಲೆ ಕೂರಿಸು. ಒಳಗೆ ಕರೆಯಿಸಬೇಡ. ಕರೆಯುವುದು ಅಷ್ಟು ಬೇಗ ಆಗುವ ಕೆಲಸವಲ್ಲ.

ಗಂಗಾವತಿ_ಅಮ್ಮ | ಬುಧವಾರ, ಬೆಳಿಗ್ಗೆ 8:14

ಅಷ್ಟು ಹೊತ್ತಿನ ತನಕ ಹೊಲಿಯುತ್ತಾನಲ್ಲ, ಆ ಟೈಲರ್ ಹುಡುಗನ ಊಟ?

ಕೌಲ್‌ಬಜಾರ್_ಕ್ಯಾಮೆರಾ | ಬುಧವಾರ, ಬೆಳಿಗ್ಗೆ 9:00

ಅಮ್ಮ, ಬ್ಯಾಗಿನಲ್ಲಿ ಬುತ್ತಿ ಇಡುತ್ತೇನೆ.

ಈಗ ಕಷ್ಟ ಒಂದೇ. ಮೊದಲು ಒಪ್ಪಿದ್ದ ಘಟಕದವರು ರಾತ್ರಿ ಕೊಡುವುದಿಲ್ಲ ಎನ್ನುತ್ತಿದ್ದಾರೆ. ಒಂದು ರಾತ್ರಿ ಸಾಕು. ಅಕ್ಕಪಕ್ಕದಲ್ಲಿ ಸದ್ದಿರಬಾರದು, ಫ್ಯಾನ್ ಆರಿಸಬೇಕಾಗುತ್ತದೆ. ಯಾರಿಗಾದರೂ ಪರಿಚಯವಿದೆಯೇ?

ಪಾಕೆಟ್_ಮಾಸ್ಟರ್ | ಬುಧವಾರ, ಮಧ್ಯಾಹ್ನ 1:25

ಭಾನುವಾರ ನಮ್ಮ ಘಟಕಕ್ಕೆ ರಜೆ. ಮಾಲೀಕನಿಗೆ ನಾನು ಕೇಳುತ್ತೇನೆ. ಏನು ಸಿನಿಮಾ ಎಂದರೆ ಲೆಕ್ಕ ಬರೆಯುವ ಹುಡುಗನ ಕಥೆ ಎನ್ನುತ್ತೇನೆ, ಸುಳ್ಳೇನೂ ಅಲ್ಲ. ಸಂಜೆ ಏಳಕ್ಕೆ ಬನ್ನಿ. ಮೆಷಿನ್‌ಗೆ ಎಣ್ಣೆ ಬಿಟ್ಟಿರುತ್ತೇನೆ. ನಿಮ್ಮ ನಟನಿಗೆ ಜೇಬು ಹೊಲಿಯಲು ಬರುತ್ತದೆಯೇ? ಬರದಿದ್ದರೆ ಐದಕ್ಕೇ ಕಳಿಸಿ, ಕೈ ಕೂರಿಸುತ್ತೇನೆ.